ಕಡಲಬೇನೆಯ ಚರಿತ್ರೆ

ಕಡಲಬೇನೆ ಎಂಬ ಮಾತು ನಮ್ಮ ಬಯಲುಸೀಮೆಯ ಕೇಳುಗರಿಗೆ ಅಷ್ಟಾಗಿ ಪರಿಚಿತವಲ್ಲದಿರಬಹುದು. ಆದರೆ ಆ ಬೇನೆ ಅಪರಿಚಿತವಲ್ಲ. ಆಗುಂಬೆಯ 14 ತಿರುವುಗಳನ್ನು ಬಸ್ಸಿನಲ್ಲಿ ಇಳಿದವರಿಗೆ, ಕಿಟಕಿಯ ಸರಳಿಗೆ ಹಣೆಯಾನಿಸಿ ಅಂಗೈಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತ ಕುಳಿತವರಿಗೆ ಅದು ಚೆನ್ನಾಗಿ ಗೊತ್ತು. ಮೊದಲು ಆಕಳಿಕೆ, ಆಮೇಲೆ ಬಾಯಲ್ಲಿ ನೀರು, ಮುಖ ಬಿಳಿಚಿಕೊಳ್ಳುವುದು, ತಣ್ಣನೆಯ ಬೆವರು, ಕಡೆಗೆ ವಾಂತಿ. ಹಡಗಿನಲ್ಲಿ ನಡೆಯುವುದೂ ಹೆಚ್ಚುಕಡಮೆ ಇದೇ ಕ್ರಮದಲ್ಲಿ. ಭೇದವೇನೆಂದರೆ ಬಸ್ಸು ಸ್ವಲ್ಪ ಹೊತ್ತಿನಲ್ಲಿ ಸೋಮೇಶ್ವರ ಸೇರಿಬಿಡುತ್ತದೆ. ಕಡಲಿನ ನಡುವೆ ಇಳಿದುಕೊಳ್ಳಲು ನಿಲ್ದಾಣವಿಲ್ಲ.

ಈಚೆಗೆ ವಿಹಾರನೌಕೆಗಳ ಕಾಲ ಬಂದಿದೆ. ನವಮಂಗಳೂರು ಬಂದರಿಗೂ ಅವು ಬಂದುಹೋಗುತ್ತಿವೆ. ಮುಂಬಯಿಯಿಂದ ಗೋವೆಗೆ, ಲಕ್ಷದ್ವೀಪಕ್ಕೆ ನಮ್ಮವರೂ ವಿಹಾರ ಹೊರಡುತ್ತಿದ್ದಾರೆ. ಹಾಗೆ ಹೊರಟವರಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತುಗಳನ್ನು ಕಡೆಯಲ್ಲಿ ಹೇಳುತ್ತೇನೆ. ಆದರೆ ಮೊದಲು ಚರಿತ್ರೆ. ಏಕೆಂದರೆ ಈ ಬೇನೆಯ ಚರಿತ್ರೆಯೆಂಬುದು ಬಹುಮಟ್ಟಿಗೆ ಒಂದು ತಪ್ಪು ತಿಳಿವಳಿಕೆಯ ಚರಿತ್ರೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಮನುಷ್ಯನು ಇದನ್ನು ಹೊಟ್ಟೆಯಲ್ಲಿ ಹುಡುಕಿದನು, ಮನಸ್ಸಿನ ದೌರ್ಬಲ್ಯದಲ್ಲಿ ಹುಡುಕಿದನು. ಅದು ಇದ್ದದ್ದು ಬೇರೆ ಕಡೆ. ಅಲ್ಲಿ ಇದೆಯೆಂದು ತೋರಿಸಿಕೊಟ್ಟವರು, ಯಾರೂ ಸಾಮಾನ್ಯವಾಗಿ ಮಾತನಾಡಿಸದ ಕೆಲವು ಜನ.

ನನ್ನ ಕುತೂಹಲ ಹುಟ್ಟಿದ್ದು ಪುಸ್ತಕದಿಂದಲ್ಲ. 1973ರ ಮೇ ತಿಂಗಳ ಕೊನೆಯಲ್ಲಿ, ನಾನಿನ್ನೂ ಹೈಸ್ಕೂಲಿನ ಹುಡುಗನಾಗಿದ್ದಾಗ, ಮುಂಬಯಿಯಲ್ಲಿ ಬಂಧುಗಳೊಬ್ಬರ ಮದುವೆ ಮುಗಿಸಿಕೊಂಡು ನಮ್ಮ ಮನೆಯವರೆಲ್ಲ ಹಡಗಿನಲ್ಲಿ ಪಣಜಿಗೆ ಹೊರಟೆವು. ಅಲ್ಲಿಂದ ಕಾರವಾರದ ಬಸ್ಸು ಹಿಡಿದು ಊರಿಗೆ ಹೋಗುವುದೆಂದು ಏರ್ಪಾಟು. ಬೆಳಗ್ಗೆ ಹೊರಟ ಹಡಗು ಮರುದಿನ ಬೆಳಗ್ಗೆ ಪಣಜಿಯ ದಕ್ಕೆಗೆ ತಾಗುವುದು. ನಮ್ಮ ಕರಾವಳಿಯ ಹಿರಿಯರು ಉಗಿಹಡಗನ್ನು ಆಗಬೋಟು ಎನ್ನುತ್ತಿದ್ದರು. ಘಟ್ಟದ ರಸ್ತೆಗಳು ಸರಿಯಾಗುವ ಮೊದಲು ಮುಂಬಯಿಯ ಹೋಟೆಲುಗಳಿಗೆ ದುಡಿಯಹೋದ ಹುಡುಗರೆಲ್ಲ ಹೋದದ್ದು ಆಗಬೋಟಿನಲ್ಲಿಯೇ. ನನ್ನ ತಂದೆಯೂ ಹಾಗೆ ಹೋಗಿಬಂದವರು. ಆದುದರಿಂದ ಮೇಲಟ್ಟದಲ್ಲಿ ಚಾಪೆ ಹಾಸುತ್ತ, ಏನೂ ಆಗುವುದಿಲ್ಲ, ಮನಸ್ಸು ಗಟ್ಟಿಯಾಗಿರಬೇಕು ಅಷ್ಟೇ ಎಂದು ನಮಗೆಲ್ಲ ಬುದ್ಧಿ ಹೇಳಿದರು. ರತ್ನಾಗಿರಿ ದಾಟುವ ಹೊತ್ತಿಗೆ ಮಳೆಗಾಲದ ಮುನ್ನಿನ ಅಲೆ ಎದ್ದಿತು. ಮೊದಲು ಮಲಗಿದವರು ನನ್ನ ತಂದೆಯೇ. ಆಮೇಲೆ ತಾಯಿ, ತಮ್ಮ, ನಾನು, ಪಕ್ಕದ ಚಾಪೆಯ ಸಂಸಾರ. ಎದ್ದು ಕುಳಿತಿದ್ದವಳು ಒಬ್ಬಳೇ, ನನ್ನ ಸೋದರತ್ತೆ. ಆಕೆ ಅವಲಕ್ಕಿ ತಿಂದಳು, ನಮ್ಮ ತಲೆಗಳನ್ನು ಒಂದೊಂದಾಗಿ ತೊಡೆಯ ಮೇಲಿರಿಸಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿದಳು, ಬಾಲ್ದಿಯನ್ನು ಕಂಬಿಯವರೆಗೆ ಒಯ್ದು ಚೆಲ್ಲಿ ಬಂದಳು. ಬಾಲ್ಯದ ಒಂದು ಜ್ವರದಲ್ಲಿ ಎರಡೂ ಕಿವಿ ಕಳೆದುಕೊಂಡವಳು ಆಕೆ. ಮರುದಿನ ತಂದೆ ನಗುತ್ತ, ಅವಳದು ಕಲ್ಲಿನ ಹೊಟ್ಟೆ ಎಂದರು. ಆ ಮಾತು ನಮ್ಮ ಮನೆಯಲ್ಲಿ ಗಾದೆಯಂತೆ ನಿಂತುಹೋಯಿತು.

ಹೊಟ್ಟೆಯ ಮಾತು ಬಂದುದರಿಂದ ಪ್ರಾಚೀನರ ಬಳಿಗೆ ಹೋಗೋಣ. ವಾಕರಿಕೆಗೆ ಇಂಗ್ಲಿಷಿನವರು ಇಂದು ಹೇಳುವ ‘ನಾಸಿಯಾ’ ಎಂಬ ಶಬ್ದ ಗ್ರೀಕರ ‘ನೌಸ್’ ಎಂಬುದರಿಂದ ಬಂದದ್ದು. ನೌಸ್ ಎಂದರೆ ಹಡಗು; ನಮ್ಮ ಸಂಸ್ಕೃತದ ‘ನೌ’, ನಾವು ನಿತ್ಯ ಬಳಸುವ ‘ನೌಕೆ’ ಇವುಗಳ ದಾಯಾದಿ. ಜಗತ್ತಿನ ಓಕರಿಕೆಗಳಿಗೆಲ್ಲ ಹಡಗಿನ ಹೆಸರೇ ಅಂಟಿಕೊಳ್ಳುವಷ್ಟು ಆ ಜನ ಕಡಲಿನಲ್ಲಿ ಕಷ್ಟಪಟ್ಟಿರಬೇಕು. ಚಲನೆಯು ದೇಹವನ್ನು ಕೆಡಿಸುತ್ತದೆಂಬುದಕ್ಕೆ ನೌಕಾಯಾನವೇ ಸಾಕ್ಷಿಯೆಂದು ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬಂದಿರುವ ಸೂತ್ರಗಳಲ್ಲಿಯೇ ಇದೆ. ಚಲನೆ ಎಂಬ ಸರಿಯಾದ ಸುಳಿವು ಅಲ್ಲಿ ಸಿಕ್ಕಿತ್ತು. ಆದರೆ ಅದನ್ನು ಹಿಡಿದು ಮುಂದೆ ಹೋದವರಿಲ್ಲ.

ರೋಮಿನ ತತ್ತ್ವಜ್ಞ ಸೆನೆಕನು ತನ್ನ ಗೆಳೆಯ ಲುಸಿಲಿಯಸನಿಗೆ ಬರೆದ ಪತ್ರವೊಂದರಲ್ಲಿ ಈ ಬೇನೆಯ ಸೊಗಸಾದ ವರ್ಣನೆಯಿದೆ. ನೇಪಲ್ಸಿನಿಂದ ಪುಟಿಯೋಲಿಗೆ ಹೊರಟದ್ದು ಅಲ್ಪ ದೂರದ ಪಯಣ. ಹೊರಟಾಗ ಕಡಲು ಶಾಂತವಾಗಿತ್ತು. ನಡುವೆ ಅಲೆಯೆದ್ದಿತು. ಸುಖದುಃಖಗಳಲ್ಲಿ ಸಮಚಿತ್ತವನ್ನು ಬೋಧಿಸುತ್ತಿದ್ದ ಈ ಮಹಾನುಭಾವನು ಅಂಬಿಗನನ್ನು ಪೀಡಿಸಿ ಹಡಗನ್ನು ದಡದತ್ತ ತಿರುಗಿಸಿದನು. ದಡ ಮುಟ್ಟುವ ತನಕವೂ ತಾಳಲಾರದೆ ಬಟ್ಟೆಸಹಿತ ನೀರಿಗೆ ಹಾರಿಕೊಂಡನು. ಆಮೇಲೆ ತಮಾಷೆಯಾಗಿ, ಯುಲಿಸೀಸನು ಹಲವು ಬಾರಿ ಹಡಗೊಡೆದು ಕಷ್ಟಪಟ್ಟದ್ದು ಕಡಲ ದೇವತೆಯ ಮುನಿಸಿನಿಂದಲ್ಲ, ಅವನಿಗೂ ಕಡಲಬೇನೆಯಿದ್ದಿರಬೇಕು ಎಂದು ಬರೆದನು. ತನ್ನನ್ನು ತಾನೇ ನಗೆಗೀಡುಮಾಡಿಕೊಂಡು ಬರೆದ ಆ ಪತ್ರಕ್ಕಾಗಿ ನನಗೆ ಸೆನೆಕನ ಉಳಿದೆಲ್ಲ ಬೋಧನೆಗಳಿಗಿಂತ ಅವನ ಮೇಲೆ ಹೆಚ್ಚು ಪ್ರೀತಿ. ಸಿಸಿರೋವಿನ ಕಥೆ ನಗುವಂತಹುದಲ್ಲ. ಕ್ರಿಸ್ತಪೂರ್ವ 43ರಲ್ಲಿ ಶತ್ರುಗಳಿಂದ ತಪ್ಪಿಸಿಕೊಳ್ಳಲು ಅವನು ಹಡಗೇರಿದನು. ಎದುರುಗಾಳಿಯೂ ಹಡಗಿನ ತುಯ್ದಾಟವೂ ಸೇರಿ ಅವನನ್ನು ಮತ್ತೆ ದಡಕ್ಕೆ ತಂದವೆಂದು ಇತಿಹಾಸಕಾರ ಲಿವಿ ಹೇಳುತ್ತಾನೆ. ಬೆನ್ನಟ್ಟಿ ಬಂದವರು ಅವನ ತಲೆಯನ್ನು ಕಡಿದರು.

ಇಲ್ಲೊಂದು ಮಾತು. ನಮ್ಮ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದು. ಕವಿಯಾದವನು ಕಡಲನ್ನು ಕಂಡಿರಲಿ ಬಿಡಲಿ, ಅದನ್ನು ವರ್ಣಿಸಲೇಬೇಕು. ವರ್ಣಿಸಿದರು ಕೂಡ. ರತ್ನಾಕರವೆಂದರು, ಗಾಂಭೀರ್ಯವೆಂದರು, ತಿಮಿಂಗಿಲವೆಂದರು. ಅದೆಲ್ಲ ದಡದಲ್ಲಿ ನಿಂತು ಕಂಡ ಕಡಲು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಪಾಪಗಳ ಸಾಲಿಗೆ ಸೇರಿಸಿದ ಮೇಲೆ ಬಲ್ಲವರು ಹಡಗೇರುವುದು ಕಷ್ಟವೇ ಆಯಿತು. ಮಂಜಿ, ಮಚವೆ, ಪತ್ತೆಮಾರಿಗಳನ್ನು ನಡೆಸುತ್ತಿದ್ದ ನಮ್ಮ ಕರಾವಳಿಯ ಜನಕ್ಕೆ ಗೊತ್ತಿದ್ದದ್ದು ಕಾವ್ಯಕ್ಕೆ ಬರಲಿಲ್ಲ. ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಹಡಗಿನ ಮೇಲಿನಿಂದಲೇ ಕಡಲನ್ನು ಕಂಡರು. 1940ರ ಅವರ ‘ಸಮುದ್ರಗೀತೆಗಳು’ ಮುಕ್ತಛಂದದ ಕಡೆ ವಾಲಿದ್ದು ಆಕಸ್ಮಿಕವಲ್ಲವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದುಂಟು. ಕಾಲ ಕೆಳಗಿನ ಹಲಗೆಯೇ ಲೆಕ್ಕ ತಪ್ಪಿ ತೂಗುತ್ತಿರುವಾಗ ಮಾತ್ರೆಯೆಣಿಸುವುದು ಹೇಗೆ? ಅದಂತಿರಲಿ.

ಕಡಲಬೇನೆ ಹೇಡಿಗಳಿಗೆ ಬರುವುದು ಎಂಬ ನಂಬಿಕೆಯನ್ನು ಮುರಿಯಲು ನೆಲ್ಸನ್ ಒಬ್ಬನೇ ಸಾಕು. 12ನೆಯ ವಯಸ್ಸಿನಲ್ಲಿ ನೌಕಾಪಡೆ ಸೇರಿ, ಒಂದು ಕಣ್ಣು, ಒಂದು ತೋಳು ಕಳೆದುಕೊಂಡು, 1805ರಲ್ಲಿ ಟ್ರಫಾಲ್ಗರಿನಲ್ಲಿ ಪ್ರಾಣವನ್ನೇ ಕೊಟ್ಟವನು ಆತ. ಗಾಳಿ ಬಲವಾಗಿ ಬೀಸಿದಾಗಲೆಲ್ಲ ತಾನು ಕಾಯಿಲೆ ಬೀಳುವುದಾಗಿಯೂ ವೃತ್ತಿಯ ಮೇಲಿನ ಮೋಹವೊಂದಿಲ್ಲದಿದ್ದರೆ ಒಂದು ಗಳಿಗೆಯೂ ಕಡಲಿನಲ್ಲಿ ಇರುತ್ತಿರಲಿಲ್ಲವೆಂದೂ ಆತ 1804ರಲ್ಲಿ ಬರೆದಿದ್ದಾನೆ. ಅಷ್ಟು ಹೊತ್ತಿಗೆ ಅವನ ನೌಕಾಜೀವನಕ್ಕೆ 30 ವರ್ಷ ಮೀರಿತ್ತು.

ಡಾರ್ವಿನ್ನನದು ಇನ್ನೂ ಹೆಚ್ಚಿನ ಪಾಡು. 1831ರ ಡಿಸೆಂಬರ್ 27ರಂದು ‘ಬೀಗಲ್’ ಹಡಗು ಇಂಗ್ಲೆಂಡನ್ನು ಬಿಟ್ಟಾಗ ಅವನಿಗೆ 22 ವರ್ಷ. ಕೆಲವೇ ದಿನಗಳಲ್ಲಿ ಮೆಡೀರಾ ದ್ವೀಪ ಬಂತು. ಮೇಲೆ ಹೋಗಿ ಅದನ್ನು ನೋಡಲೂ ಅವನಿಗೆ ಶಕ್ತಿಯಿರಲಿಲ್ಲ. ಬಿಸ್ಕತ್ತು, ಒಣದ್ರಾಕ್ಷಿ, ಇವೆರಡೇ ಹೊಟ್ಟೆಯಲ್ಲಿ ನಿಲ್ಲುತ್ತಿದ್ದವೆಂದು ತಂದೆಗೆ ಬರೆದನು. ಸೂಕ್ಷ್ಮದರ್ಶಕದ ಮುಂದೆ ಸ್ವಲ್ಪ ಹೊತ್ತು ಕುಳಿತು, ಮತ್ತೆ ಅಡ್ಡಾಗಿ, ಮತ್ತೆ ಎದ್ದು ಕೆಲಸ ಮಾಡುತ್ತಿದ್ದನೆಂದು ಒಂದೇ ಕೋಣೆಯಲ್ಲಿದ್ದ ಜೊತೆಗಾರನು ನೆನೆದಿದ್ದಾನೆ. ಸುಮಾರು ಐದು ವರ್ಷಗಳ ಆ ಪ್ರಯಾಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲವನ್ನು ಅವನು ನೆಲದ ಮೇಲೆಯೇ ಕಳೆದನು. ಅವಕಾಶ ಸಿಕ್ಕಲ್ಲೆಲ್ಲ ಹಡಗಿನಿಂದ ಇಳಿದು, ಕುದುರೆಯೇರಿ, ನೂರಾರು ಮೈಲಿ ಒಳನಾಡಿನಲ್ಲಿ ಅಲೆದನು. ಆ ಅಲೆದಾಟದ ಫಲವೇನೆಂಬುದು ಜಗತ್ತಿಗೆಲ್ಲ ಗೊತ್ತಿದೆ. ಅದರಲ್ಲಿ ಕಡಲಬೇನೆಯ ಪಾಲೂ ಸ್ವಲ್ಪ ಇದೆಯೆಂದು ನಾನು ಎಣಿಸುತ್ತೇನೆ.

ಈ ಕಾಲದ ವೈದ್ಯರು ಮಾಡುತ್ತಿದ್ದುದೇನು? ಹೊಟ್ಟೆಗೆ ಬಿಗಿಯಾಗಿ ಪಟ್ಟಿ ಕಟ್ಟಿಸುತ್ತಿದ್ದರು. ಬ್ರಾಂದಿ, ಷಾಂಪೇನು, ಅಫೀಮು, ಕ್ಲೋರೊಫಾರಮ್ಮು ಕೊಡುತ್ತಿದ್ದರು. 1864ರಲ್ಲಿ ಲಂಡನ್ನಿನ ಜಾನ್ ಚಾಪ್ಮನ್ ಎಂಬ ವೈದ್ಯನು ಬೆನ್ನುಹುರಿಯುದ್ದಕ್ಕೂ ಮಂಜುಗಡ್ಡೆಯ ಚೀಲ ಕಟ್ಟಿದರೆ ಕಡಲಬೇನೆ ಹೋಗುವುದೆಂದು ಪುಸ್ತಕ ಬರೆದನು. ಮರುವರ್ಷ, ಕಡಲು ಬಿಟ್ಟು ಎಷ್ಟೋ ಕಾಲವಾದರೂ ಹೊಟ್ಟೆಯ ತೊಂದರೆ ಬಿಡದಿದ್ದ ಡಾರ್ವಿನ್ನನೇ ಆ ಚೀಲ ಕಟ್ಟಿಕೊಂಡು ನೋಡಿದನು. ಗುಣ ಕಾಣಲಿಲ್ಲ. 1867ರಲ್ಲಿ ಅಮೆರಿಕದ ಮೊದಲ ಸಂಘಟಿತ ವಿಹಾರಯಾತ್ರೆಗಳಲ್ಲೊಂದಾದ ‘ಕ್ವೇಕರ್ ಸಿಟಿ’ ಹಡಗಿನಲ್ಲಿ ಹೋದ ಮಾರ್ಕ್ ಟ್ವೇನ್ ಮಾತ್ರ ಬೇರೊಂದು ರೋಗವನ್ನು ಗುರುತಿಸಿದನು. ಉಳಿದವರೆಲ್ಲ ಮಲಗಿರುವಾಗ ತನ್ನ ಹೊಟ್ಟೆ ನೆಟ್ಟಗಿದ್ದರೆ ಮನುಷ್ಯನಿಗೆ ಬರುವ ಜಂಬ, ಅದು ಆ ರೋಗ.

ಹತ್ತೊಂಬತ್ತನೆಯ ಶತಮಾನದ ಅತ್ಯಂತ ದುಬಾರಿಯ ಔಷಧವನ್ನು ತಯಾರಿಸಿದವನು ವೈದ್ಯನಲ್ಲ, ಉಕ್ಕಿನ ಮನುಷ್ಯ. ಕಬ್ಬಿಣವನ್ನು ಅಗ್ಗವಾಗಿ ಉಕ್ಕಾಗಿಸುವ ವಿಧಾನಕ್ಕೆ ಹೆಸರಾದ ಹೆನ್ರಿ ಬೆಸೆಮರ್ 1868ರಲ್ಲಿ ಕ್ಯಾಲೆಯಿಂದ ಡೋವರಿಗೆ ಇಂಗ್ಲಿಷ್ ಕಾಲುವೆಯನ್ನು ದಾಟಿದನು. ಕೆಲವು ಗಂಟೆಗಳ ಪಯಣ. ಹಡಗಿನಲ್ಲಿ ಆರಂಭವಾದ ವಾಂತಿ ಲಂಡನ್ನಿನ ರೈಲಿನಲ್ಲಿಯೂ ನಿಲ್ಲಲಿಲ್ಲ, ಮನೆ ಸೇರಿ ಹನ್ನೆರಡು ಗಂಟೆಯಾದರೂ ನಿಲ್ಲಲಿಲ್ಲ. ವೈದ್ಯನು ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತು ಕಡೆಗೆ ಪ್ರಸಿಕ್ ಆಮ್ಲವೆಂಬ ಘೋರ ವಿಷವನ್ನೇ ಹನಿಯ ಲೆಕ್ಕದಲ್ಲಿ ಕೊಡಬೇಕಾಯಿತು. ಬದುಕಿಕೊಂಡ ಬೆಸೆಮರ್ ಯೋಚಿಸಿದನು: ಕಡಲು ತೂಗುವುದನ್ನು ನಿಲ್ಲಿಸಲಾಗದು, ಹಡಗು ತೂಗುವುದನ್ನೂ ನಿಲ್ಲಿಸಲಾಗದು. ಹಡಗಿನೊಳಗಿನ ಕೋಣೆಯೊಂದನ್ನು ತೂಗದಂತೆ ಮಾಡಬಹುದಲ್ಲ?

ಮನೆಯ ತೋಟದಲ್ಲಿ ಮಾದರಿ ಕಟ್ಟಿ ಪರೀಕ್ಷಿಸಿದನು. ಕಂಪನಿ ನಿಂತಿತು, ಷೇರುಗಳು ಬಂದವು. 350 ಅಡಿ ಉದ್ದದ ಹಡಗನ್ನು 1874ರಲ್ಲಿ ಹಲ್ ಪಟ್ಟಣದಲ್ಲಿ ನೀರಿಗಿಳಿಸಿದರು. ಅದರ ಹೊಟ್ಟೆಯಲ್ಲಿ 70 ಅಡಿ ಉದ್ದ, 30 ಅಡಿ ಅಗಲದ ಭವ್ಯವಾದ ತೂಗುಶಾಲೆ; ಕೆತ್ತನೆಯ ಮರ, ಚಿತ್ರ ಬರೆದ ಗೋಡೆ. ಹಡಗು ಎಡಕ್ಕೆ ವಾಲಿದರೆ ಶಾಲೆಯನ್ನು ಬಲಕ್ಕೆ ವಾಲಿಸಲು ನೀರಿನ ಒತ್ತಡದ ಯಂತ್ರ. ಅದನ್ನು ನಡೆಸಲು ಒಬ್ಬ ಮನುಷ್ಯ, ಅವನ ಮುಂದೆ ನಮ್ಮ ಗಾರೆಕೆಲಸದವರು ಗೋಡೆಗೆ ಹಿಡಿಯುವಂತಹ ರಸಮಟ್ಟ. ಗುಳ್ಳೆ ಸರಿದತ್ತ ನೋಡಿ ಅವನು ಹಿಡಿಕೆ ತಿರುಗಿಸಬೇಕು. ಅಲೆಗೆ ಮೊದಲು ಹಡಗು ಬಗ್ಗುವುದೋ ಮೊದಲು ಆ ಮನುಷ್ಯನ ಕೈ ಓಡುವುದೋ ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. 1875ರ ಏಪ್ರಿಲಿನ ಖಾಸಗಿ ಪಯಣದಲ್ಲಿ ಹಡಗು ಕ್ಯಾಲೆಯ ಕಟ್ಟೆಗೆ ತಾಗಿ ಒಂದು ಚಕ್ರ ಜಖಂಗೊಂಡಿತು. ಮೇ 8ರಂದು ಸಾರ್ವಜನಿಕರ ಮೊದಲ ಪಯಣ. ಅಂದು ತೂಗುಶಾಲೆಯನ್ನು ತೂಗದಂತೆ ಬಿಗಿದು ಕಟ್ಟಿದ್ದರು. ಆದರೂ ಚುಕ್ಕಾಣಿಯ ಮಾತು ಕೇಳದೆ ಹಡಗು ಮತ್ತೆ ಕ್ಯಾಲೆಯ ಕಟ್ಟೆಗೆ ಹೋಗಿ ಬಡಿದು ಅದರ ಒಂದು ಭಾಗವನ್ನೇ ಕೆಡವಿತು. ಕಂಪನಿ ಮುಳುಗಿತು. ಆ ತೂಗುಶಾಲೆಯನ್ನು ಕಿತ್ತು ಹಡಗಿನ ಶಿಲ್ಪಿಯ ತೋಟದ ಮನೆಗೆ ಸಾಗಿಸಿ ಬಿಲಿಯರ್ಡ್ಸ್ ಆಡುವ ಕೋಣೆ ಮಾಡಿದರು. ಬಿಲಿಯರ್ಡ್ಸ್ ಆಡುವುದಕ್ಕೆ ಅಲುಗದ ಕೋಣೆ ಬೇಕೆಂಬುದನ್ನು ಹೇಳಬೇಕಾಗಿಲ್ಲ.

ಬೆಸೆಮರನು ಹಡಗನ್ನು ತಿದ್ದಲು ಹೊರಟಿದ್ದಾಗ, ಉತ್ತರ ಬೇರೆ ಕಡೆಯಿಂದ ನಿಧಾನವಾಗಿ ಬರುತ್ತಿತ್ತು. ನಮ್ಮ ಕಿವಿಯ ಒಳಗಡೆ, ಕೇಳುವ ಯಂತ್ರಕ್ಕೆ ಅಂಟಿಕೊಂಡಂತೆ, ಅರ್ಧವೃತ್ತದಾಕಾರದ ಮೂರು ನಾಳಗಳಿವೆ. ಗೋಡೆ, ಗೋಡೆ, ನೆಲ ಸೇರುವ ಮೂಲೆಯಂತೆ ಮೂರೂ ಒಂದಕ್ಕೊಂದು ನೇರಕೋನದಲ್ಲಿ ನಿಂತಿವೆ. ಒಳಗೆ ದ್ರವ. ತಲೆ ತಿರುಗಿದಾಗ ದ್ರವ ಹಿಂದುಳಿದು, ಅಲ್ಲಿನ ಸೂಕ್ಷ್ಮವಾದ ಕೂದಲುಗಳು ಬಾಗಿ, ತಿರುಗಿದ ಸುದ್ದಿ ಮೆದುಳಿಗೆ ಹೋಗುತ್ತದೆ. ಪಕ್ಕದ ಎರಡು ಚೀಲಗಳಲ್ಲಿ ಸುಣ್ಣದ ಸಣ್ಣ ಹರಳುಗಳಿವೆ. ಏರುವುದು, ಇಳಿಯುವುದು, ವಾಲುವುದು ಅವುಗಳಿಂದ ತಿಳಿಯುತ್ತದೆ. 1820ರ ದಶಕದಲ್ಲಿ ಫ್ರಾನ್ಸಿನ ಫ್ಲುರಾನ್ಸ್ ಪಾರಿವಾಳಗಳ ಈ ನಾಳಗಳನ್ನು ಕತ್ತರಿಸಿದಾಗ ಅವು ಕಿವುಡಾಗಲಿಲ್ಲ. ತಲೆ ತಿರುಗಿ ಹೊರಳಾಡಿದವು. 1861ರಲ್ಲಿ ಪ್ಯಾರಿಸ್ಸಿನ ಮೆನಿಯೇರ್ ಎಂಬ ವೈದ್ಯ ತಲೆಸುತ್ತಿನ ಮೂಲ ಒಳಕಿವಿಯಲ್ಲಿರಬಹುದೆಂದನು. 1881ರಲ್ಲಿ ಇರ್ವಿನ್ ಎಂಬ ವೈದ್ಯ, ಇದು ಕಡಲಿಗೆ ಮಾತ್ರ ಸೇರಿದ್ದಲ್ಲ, ಚಲನೆಯಿಂದ ಬರುವ ಬೇನೆ ಎಂದು ಬರೆದನು. ಹಿಪ್ಪೊಕ್ರಟೀಸನ ಸುಳಿವನ್ನು ಕೈಗೆತ್ತಿಕೊಳ್ಳಲು ಇಷ್ಟು ಕಾಲ ಹಿಡಿಯಿತು.

ಮರುವರ್ಷ, 1882ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಮ್ ಜೇಮ್ಸ್ ಒಂದು ಸರಳವಾದ ಕೆಲಸ ಮಾಡಿದನು. ಕಿವುಡರ ಶಾಲೆಗಳಲ್ಲಿದ್ದ ಐನೂರಕ್ಕೂ ಹೆಚ್ಚು ಜನರನ್ನು ಉಯ್ಯಾಲೆಯಲ್ಲಿ ಕೂರಿಸಿ, ಹಗ್ಗ ಹುರಿಗೊಳಿಸಿ, ಗಿರಗಿರನೆ ತಿರುಗಿಸಿ ಬಿಟ್ಟು, ತಲೆಸುತ್ತಿತೆ ಎಂದು ಕೇಳಿದನು. ಬಹಳ ಜನಕ್ಕೆ ತಲೆಸುತ್ತೇ ಬರಲಿಲ್ಲ. ಕಡಲಿನಲ್ಲಿ ಪಯಣ ಮಾಡಿದ್ದವರನ್ನು ವಿಚಾರಿಸಿದರೆ ಅವರಲ್ಲಿ ಹಲವರಿಗೆ ಕಡಲಬೇನೆಯೇ ಗೊತ್ತಿರಲಿಲ್ಲ. ನೀರಿನಲ್ಲಿ ಮುಳುಗಿದಾಗ ಮೇಲು ಯಾವುದು ಕೆಳಗು ಯಾವುದು ತಿಳಿಯದೆ ದಿಕ್ಕೆಡುತ್ತೇವೆಂದು ಕೆಲವರು ಹೇಳಿದರು.

ಈ ಸಂಗತಿಯ ಪೂರ್ಣ ಪರೀಕ್ಷೆ ನಡೆದದ್ದು ಬಾಹ್ಯಾಕಾಶದ ಕಾಲದಲ್ಲಿ. 1958ರಿಂದ ಸುಮಾರು ಹತ್ತು ವರ್ಷ ಅಮೆರಿಕದ ನೌಕಾಪಡೆಯ ವೈದ್ಯ ಆಷ್ಟನ್ ಗ್ರೇಬಿಯಲ್ ಮತ್ತು ಸಂಗಡಿಗರು ವಾಷಿಂಗ್ಟನ್ನಿನ ಗ್ಯಾಲಡೆಟ್ ಎಂಬ ಕಿವುಡರ ಕಾಲೇಜಿನಿಂದ ಹನ್ನೊಂದು ಜನರನ್ನು ಆರಿಸಿಕೊಂಡು ಪರೀಕ್ಷಿಸಿದರು. ಅವರಲ್ಲಿ ಹತ್ತು ಜನ ಮೆದುಳುಪೊರೆಯ ಜ್ವರದಿಂದ ಕಿವಿ ಕಳೆದುಕೊಂಡಿದ್ದವರು. ತಿರುಗುವ ಕೋಣೆಯಲ್ಲಿ ದಿನಗಟ್ಟಲೆ ಇರಿಸಿದರೂ ಅವರಿಗೆ ಏನೂ ಆಗಲಿಲ್ಲ. ಕೆನಡದ ನೋವಾ ಸ್ಕೋಷಿಯ ತೀರದಾಚೆ, ಬಿರುಗಾಳಿಯ ಕಡಲಿನಲ್ಲಿ, ಹಡಗೊಂದರಲ್ಲಿ ಅವರನ್ನು ಕರೆದೊಯ್ದರು. ಪರೀಕ್ಷೆಗೆ ಒಳಗಾದವರು ಇಸ್ಪೀಟು ಆಡುತ್ತ ಕುಳಿತಿದ್ದರು. ಪರೀಕ್ಷಿಸುವವರೆಲ್ಲ ಹಾಸಿಗೆ ಹಿಡಿದದ್ದರಿಂದ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು.

ಈ ವೃತ್ತಾಂತವನ್ನು ನಾನು ಓದಿದ್ದು ಅಧ್ಯಾಪಕನಾಗಿ ಹಲವು ವರ್ಷವಾದ ಮೇಲೆ, ಗ್ರಂಥಾಲಯದಲ್ಲಿ, ಬೇರೇನನ್ನೋ ಹುಡುಕುತ್ತಿದ್ದಾಗ. ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಅತ್ತೆಗೆ ಏಳನೆಯ ವಯಸ್ಸಿನಲ್ಲಿ ಬಂದದ್ದು ಕುತ್ತಿಗೆ ಸೆಟೆದುಕೊಳ್ಳುವ ಜ್ವರವೆಂದು ಅಜ್ಜಿ ಹೇಳುತ್ತಿದ್ದಳು. ಅಂದು ಹಡಗಿನಲ್ಲಿ ಆಕೆ ಕುಳಿತಿದ್ದುದು ಕಲ್ಲಿನ ಹೊಟ್ಟೆಯಿಂದಲ್ಲ. ಆ ಜ್ವರ ಕೇಳುವ ಶಕ್ತಿಯ ಜೊತೆಗೆ ಪಕ್ಕದ ನಾಳಗಳನ್ನೂ ಸುಟ್ಟುಹೋಗಿದ್ದುದರಿಂದ. ಇನ್ನೊಂದು ನೆನಪೂ ಬಂತು. ಅತ್ತೆ ಕತ್ತಲಲ್ಲಿ ನಡೆಯಲಾರಳು. ಹಗಲಲ್ಲಿ ಬಾವಿಯಿಂದ ಎರಡು ಕೊಡ ಹೊತ್ತು ತರುವವಳು, ಸಂಜೆಯಾದರೆ ಹಿತ್ತಿಲಿಗೆ ಹೋಗಲೂ ಲಾಟೀನು ಬೇಕು ಎನ್ನುವಳು. ದೀಪ ಆರಿದರೆ ಗೋಡೆಯನ್ನು ತಡವರಿಸಿ ತೂರಾಡುವಳು. ಒಳಕಿವಿಯ ಕೆಲಸವನ್ನು ಇಂಥವರಲ್ಲಿ ಕಣ್ಣು ಮಾಡುತ್ತದೆ. ಕಣ್ಣಿಗೆ ಕಾಣದಾದಾಗ ನೆಲ ತಪ್ಪುತ್ತದೆ. ನಾವು ಮಕ್ಕಳು ಅದನ್ನು ಪುಕ್ಕಲುತನವೆಂದು ತಿಳಿದಿದ್ದೆವು. ದೀಪ ಆರಿಸಿ ಅವಳ ನಡಿಗೆಯನ್ನು ಅನುಕರಿಸಿ ನಕ್ಕದ್ದುಂಟು, ನಾನೂ ನಕ್ಕಿದ್ದೇನೆ. ನಾನು ಇದನ್ನು ಓದುವ ಹೊತ್ತಿಗೆ ಅತ್ತೆ ತೀರಿಹೋಗಿದ್ದಳು.

ಎಂದರೆ ಕಡಲಬೇನೆ ರೋಗವಲ್ಲ. ನೆಟ್ಟಗಿರುವ ಕಿವಿಗೆ ಬರುವ ಬೇನೆ. ಹಡಗಿನ ಕೋಣೆಯೊಳಗೆ ಕುಳಿತಾಗ ಕಣ್ಣು ‘ಎಲ್ಲವೂ ಸ್ಥಿರ’ ಎನ್ನುತ್ತದೆ, ಕಿವಿ ‘ಎಲ್ಲವೂ ತೂಗುತ್ತಿದೆ’ ಎನ್ನುತ್ತದೆ; ಈ ವ್ಯಾಜ್ಯ ಬಗೆಹರಿಯದೆ ಮೆದುಳು ಕಂಗೆಡುತ್ತದೆ. ರೀಸನ್ ಮತ್ತು ಬ್ರ್ಯಾಂಡ್ ಎಂಬ ಇಬ್ಬರು 1975ರಲ್ಲಿ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ಆದರೆ ಕಣ್ಣುಕಿವಿಗಳ ಜಗಳಕ್ಕೆ ಹೊಟ್ಟೆಯೇಕೆ ದಂಡ ತೆರಬೇಕು? 1977ರಲ್ಲಿ ಟ್ರೀಸ್ಮನ್ ಎಂಬ ವಿಜ್ಞಾನಿ ಒಂದು ಊಹೆಯನ್ನು ಮುಂದಿಟ್ಟನು. ಕಾಡಿನಲ್ಲಿದ್ದ ನಮ್ಮ ಪೂರ್ವಿಕರಿಗೆ ಕಣ್ಣುಕಿವಿಗಳ ಮಾತು ಹೊಂದದಂತಾಗುತ್ತಿದ್ದುದು ವಿಷದ ಕಾಯಿಯನ್ನೋ ಬೇರನ್ನೋ ತಿಂದಾಗ ಮಾತ್ರ. ಆಗ ಕಕ್ಕಿದವನು ಬದುಕಿದನು. ಹಡಗೆಂಬುದನ್ನು ಕಂಡಿರದ ಆ ಹಳೆಯ ಕಾವಲುಗಾರ ಇಂದಿಗೂ ಅದೇ ಗಂಟೆ ಬಾರಿಸುತ್ತಿದ್ದಾನೆ. ಊಹೆಯೇ ಇರಬಹುದು, ನನಗೆ ಒಪ್ಪಿಗೆಯಾಗುತ್ತದೆ.

ವಿಚಿತ್ರವೆಂದರೆ, ಆ ಗಂಟೆಯನ್ನು ನಿಲ್ಲಿಸಲು ಸಿಕ್ಕ ಮೊದಲ ನಂಬಿಗಸ್ತ ಮದ್ದು ಒಂದು ವಿಷವೇ. ಹಯೋಸಿನ್ ಅಥವಾ ಸ್ಕೋಪಾಲಮಿನ್ ಎಂಬ ಆ ವಸ್ತು ನಮ್ಮ ಉಮ್ಮತ್ತದ ಗಿಡದಲ್ಲಿಯೂ ಇದೆ. ಶಿವನಿಗೆ ಏರಿಸುವ ಹೂವಿನ ಗಿಡ, ದಾರಿಹೋಕರಿಗೆ ತಿನ್ನಿಸಿ ಮೈಮರೆಸಿ ದೋಚುತ್ತಿದ್ದ ಕಳ್ಳರ ಗಿಡ. (ಯಾರೂ ದಯವಿಟ್ಟು ಹಿತ್ತಿಲಿನ ಉಮ್ಮತ್ತವನ್ನು ಪ್ರಯೋಗ ಮಾಡಬಾರದು; ಅದು ಪ್ರಾಣಕ್ಕೆ ಎರವಾದೀತು.) ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರನ್ನು ಚಪ್ಪಟೆ ತಳದ ದೋಣಿಗಳಲ್ಲಿ ಶತ್ರುವಿನ ದಡಕ್ಕೆ ಇಳಿಸಬೇಕಾದಾಗ ಈ ಬೇನೆ ಸೇನಾಪತಿಗಳ ಚಿಂತೆಯಾಯಿತು. ಆಸ್ಟ್ರೇಲಿಯದ ಡುಬೋಯ್ಸಿಯ ಮರದ ಎಲೆಯಿಂದ ಹಯೋಸಿನ್ ತೆಗೆದರು. 1944ರ ಜೂನ್ 6ರಂದು ನಾರ್ಮಂಡಿಯ ದಡಕ್ಕೆ ಹೊರಟ ಸೈನಿಕರ ಜೇಬಿನಲ್ಲಿ ಮಾತ್ರೆಯೂ ಇತ್ತು, ವಾಂತಿಗೆಂದು ಕಾಗದದ ಚೀಲವೂ ಇತ್ತು. ಅಂದಿನ ಕಡಲಿಗೆ ಮಾತ್ರೆ ಸಾಲದೆ ಹೋಯಿತು. ದೋಣಿಯಿಂದ ಇಳಿದರೆ ಸಾಕೆಂದು ಗುಂಡಿನ ಮಳೆಗೆ ಇಳಿದವರಿದ್ದಾರೆ.

ಮುಂದಿನ ಮದ್ದು ಆಕಸ್ಮಿಕವಾಗಿ ಸಿಕ್ಕಿತು. 1947ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಗೇ ಮತ್ತು ಕಾರ್ಲಿನರ್ ಎಂಬ ವೈದ್ಯರು ಗರ್ಭಿಣಿಯೊಬ್ಬಳಿಗೆ ಮೈಯಲ್ಲಿ ಏಳುತ್ತಿದ್ದ ಪಿತ್ತದ ಗಂಧೆಗೆ ಹೊಸ ಮಾತ್ರೆ ಕೊಟ್ಟರು. ಮಾತ್ರೆ ತಿಂದ ದಿನ ಟ್ರಾಮಿನಲ್ಲಿ ಬಂದರೆ ತನಗೆ ವಾಕರಿಕೆಯಾಗುವುದಿಲ್ಲವೆಂದು ಅವಳೇ ಹೇಳಿದಳು. ಅವರು ಕೇಳಿಸಿಕೊಂಡರು, ಅದು ದೊಡ್ಡ ಮಾತು. ಮರುವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಜರ್ಮನಿಗೆ ಹೊರಟ ಸೈನ್ಯದ ಹಡಗಿನಲ್ಲಿ ಪರೀಕ್ಷಿಸಿ ಡ್ರಾಮಮೀನ್ ಎಂಬ ಹೆಸರಿನಿಂದ ಅದನ್ನು ಪ್ರಸಿದ್ಧಪಡಿಸಿದರು. ನಮ್ಮಲ್ಲಿ ಬಸ್ಸು ಹತ್ತುವವರು ನುಂಗುವ ಅವೋಮಿನ್ ಆ ದೊಡ್ಡ ಕುಟುಂಬಕ್ಕೆ ಸೇರಿದ್ದು. 1979ರಲ್ಲಿ ಹಳೆಯ ಸ್ಕೋಪಾಲಮಿನ್ನೇ ಚರ್ಮಕ್ಕೆ ಅಂಟಿಸುವ ಪಟ್ಟಿಯಾಗಿ ಅಮೆರಿಕದಲ್ಲಿ ಬಂತು. ಅದನ್ನು ಅಂಟಿಸುವುದು ಕಿವಿಯ ಹಿಂದೆ. ಒಳಕಿವಿಗೆ ಹತ್ತಿರವೆಂದಲ್ಲ, ಅಲ್ಲಿಯ ಚರ್ಮ ಮದ್ದನ್ನು ಚೆನ್ನಾಗಿ ಹೀರುತ್ತದೆಂದು. ಆದರೂ ಎರಡು ಸಾವಿರ ವರ್ಷ ಹೊಟ್ಟೆಗೆ ಪಟ್ಟಿ ಕಟ್ಟಿದ ಮೇಲೆ ಕಿವಿಯ ಬಳಿಗೆ ಬಂದೆವಲ್ಲ ಎಂದು ನನಗೆ ಸಂತೋಷ.

ಹಡಗುಗಳೂ ಸುಧಾರಿಸಿವೆ. 1932ರ ಇಟಲಿಯ ‘ಕೊಂಟೆ ದಿ ಸವೋಯಾ’ ಹಡಗು ತನ್ನ ಹೊಟ್ಟೆಯಲ್ಲಿ ಮೂರು ಬೃಹತ್ತಾದ ಬುಗುರಿಗಳನ್ನು ತಿರುಗಿಸುತ್ತ ಹೊರಳಾಟವನ್ನು ತಡೆಯಲೆಳಸಿತು. 1950ರ ‘ಚೂಸಾನ್’ ಹಡಗಿಗೆ ಮೀನಿನ ಈಜುರೆಕ್ಕೆಯಂತಹ ಅಲಗುಗಳನ್ನು ಪಕ್ಕಗಳಲ್ಲಿ ಜೋಡಿಸಿದರು. ಇಂದಿನ ವಿಹಾರನೌಕೆಗಳಲ್ಲಿರುವುದು ಇದರ ಸಂತತಿ. ಪಕ್ಕಕ್ಕೆ ಹೊರಳುವುದನ್ನು ಇವು ಬಹಳಮಟ್ಟಿಗೆ ತಡೆಯುತ್ತವೆ. ಏರಿಳಿತವನ್ನು ತಡೆಯಲಾರವು. ಐದಾರು ಸೆಕೆಂಡಿಗೊಮ್ಮೆ ಏರಿ ಇಳಿಯುವ ತೂಗಾಟವೇ ಎಲ್ಲಕ್ಕಿಂತ ಕೆಟ್ಟದ್ದೆಂದು 1974ರ ಪ್ರಯೋಗಗಳು ತೋರಿಸಿವೆ.

ಆದ್ದರಿಂದ ಹೊರಡುವವರು ಗಮನಿಸಬೇಕಾದದ್ದು ಇಷ್ಟು. ಕೋಣೆ ಆರಿಸುವಾಗ ಹಡಗಿನ ನಡುಮಧ್ಯದಲ್ಲಿ, ಕೆಳ ಅಂತಸ್ತಿನಲ್ಲಿ ಆರಿಸಿಕೊಳ್ಳಿ. ತೂಗುಹಲಗೆಯ ತುದಿಗಿಂತ ನಡುವೆ ಆಟ ಕಡಮೆ ಎಂಬುದು ಮಕ್ಕಳಿಗೂ ಗೊತ್ತು. ಮೇಲಿನ ಅಂತಸ್ತಿನ ಬೆಲೆ ಹೆಚ್ಚು, ತೂಗಾಟವೂ ಹೆಚ್ಚು. ಮಾತ್ರೆಯನ್ನು ಹಡಗು ಹೊರಡುವ ಮೊದಲೇ, ಒಂದೆರಡು ಗಂಟೆ ಮುಂಚೆ, ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಈ ಮಾತ್ರೆಗಳು ನಿದ್ದೆ ತರುತ್ತವೆ. ವಯಸ್ಸಾದವರು, ಗರ್ಭಿಣಿಯರು, ಕಣ್ಣಿನ ಒತ್ತಡದ ಅಥವಾ ಮೂತ್ರ ಕಟ್ಟುವ ತೊಂದರೆಯಿರುವವರು ವೈದ್ಯರನ್ನು ಕೇಳದೆ ನುಂಗಬಾರದು. ಖಾಲಿ ಹೊಟ್ಟೆಯೂ ಬೇಡ, ಮದುವೆಯೂಟವೂ ಬೇಡ, ಮದ್ಯವಂತೂ ಬೇಡವೇ ಬೇಡ. ವಾಂತಿಯಾಗಿದ್ದರೆ ಸ್ವಲ್ಪಸ್ವಲ್ಪವಾಗಿ ನೀರು ಕುಡಿಯುತ್ತಿರಬೇಕು. ಬೇನೆಯ ಸುಳಿವು ಕಂಡೊಡನೆ ಪುಸ್ತಕವನ್ನೂ ಮೊಬೈಲನ್ನೂ ಮುಚ್ಚಿಟ್ಟು ಮೇಲಟ್ಟಕ್ಕೆ ಹೋಗಿ, ಗಾಳಿಗೆ ಮುಖವೊಡ್ಡಿ, ಕಡಲು ಬಾನು ಕೂಡುವ ಗೆರೆಯನ್ನು ನೋಡುತ್ತ ನಿಲ್ಲಿ. ಆಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳತೊಡಗುತ್ತವೆ. ಅದಾಗದಿದ್ದರೆ ಕಣ್ಣು ಮುಚ್ಚಿ, ತಲೆ ಅಲುಗಿಸದೆ ಮಲಗುವುದು. ಹೆಚ್ಚಿನವರಿಗೆ ಎರಡು ಮೂರು ದಿನಗಳಲ್ಲಿ ಮೆದುಳು ಹೊಂದಿಕೊಳ್ಳುತ್ತದೆ. ನೆಲ್ಸನ್ನನಂತಹವರಿಗೆ ಹೊಂದಿಕೊಳ್ಳುವುದೇ ಇಲ್ಲ; ಅದು ಅವರ ತಪ್ಪಲ್ಲ.

ನಮ್ಮ ಶುಂಠಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಇದು ಬರಿಯ ಅಜ್ಜಿಮದ್ದಲ್ಲ. 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ, ತಿರುಗುವ ಕುರ್ಚಿಯಲ್ಲಿ ಕುಳಿತವರಿಗೆ ಶುಂಠಿಯ ಪುಡಿ ಡ್ರಾಮಮೀನಿಗಿಂತ ಮೇಲೆನಿಸಿತು. 1988ರಲ್ಲಿ ಡೆನ್ಮಾರ್ಕಿನ 80 ಜನ ನೌಕಾ ವಿದ್ಯಾರ್ಥಿಗಳ ಮೇಲೆ ಒರಟು ಕಡಲಿನಲ್ಲಿ ಪರೀಕ್ಷಿಸಿದಾಗಲೂ ಒಂದು ಗ್ರಾಂ ಶುಂಠಿ ವಾಂತಿಯನ್ನು ಕಡಮೆ ಮಾಡಿತು. ಆಮೇಲಿನ ಪ್ರಯೋಗಗಳೆಲ್ಲ ಇದನ್ನು ಎತ್ತಿಹಿಡಿದಿಲ್ಲ. ಆದರೆ ನಿದ್ದೆ ಬರಿಸದ, ಜೇಬಿಗೆ ಭಾರವಲ್ಲದ ಮದ್ದು. ಒಂದು ತುಂಡು ಇಟ್ಟುಕೊಂಡರೆ ನಷ್ಟವಿಲ್ಲ.

ಇನ್ನೊಂದು ಸಂಗತಿಯನ್ನು ಹಡಗಿನವರು ಮೊದಲೇ ತಿಳಿಸುವುದಿಲ್ಲ. ಇಳಿದ ಮೇಲೂ ನೆಲ ತೂಗುತ್ತದೆ. ತೂಗುವುದಕ್ಕೆ ಒಗ್ಗಿಹೋದ ಮೆದುಳು ಸ್ಥಿರವಾದ ನೆಲವನ್ನು ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ, ನಂಬುವುದಿಲ್ಲ. ಅಂದು ಪಣಜಿಯ ದಕ್ಕೆಯಲ್ಲಿ ಇಳಿದಾಗ ಕಲ್ಲುಹಾಸು ನನ್ನ ಕಾಲಡಿ ಏರಿ ಇಳಿಯಿತು. ನಾನು ಟ್ರಂಕಿನ ಮೇಲೆ ಕುಳಿತುಬಿಟ್ಟೆ. ಮಾಂಡವಿ ನದಿಯ ಮೇಲೆ ಆಗತಾನೇ ಬಿಸಿಲು ಬಂದಿತ್ತು. ಅತ್ತೆ ಹಿಂತಿರುಗಿ ನೋಡಿ, ಬಂದು, ಒಂದು ಕೈಯಲ್ಲಿ ಟ್ರಂಕನ್ನೂ ಇನ್ನೊಂದು ಕೈಯಲ್ಲಿ ನನ್ನನ್ನೂ ಹಿಡಿದುಕೊಂಡು, ನೆಟ್ಟಗೆ ನಡೆದು ಕಾರವಾರದ ಬಸ್ಸಿಗೆ ಹತ್ತಿಸಿದಳು.